ತಲೆದೆಸೆ ಗಿಡ

ಕೊಳ್ಳೇಗಾಲ
ಭಾನುವಾರ, ೧೯-೧೧-೧೯೪೪

ಪ್ರೀತಿಯ ತಮ್ಮ ಚೌಡೇಶನಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ಚಳಿಜ್ವರ ಬಿಟ್ಟಿತೇ? ಕೊಯಮತ್ತೂರಿನಲ್ಲಾದರೂ ಕ್ವಿನೈನು ಸಿಗುತ್ತಿದೆಯೇ, ಅಥವಾ ಅದೂ ಯುದ್ಧಕ್ಕೆ ಹೊರಟುಹೋಯಿತೇ? ನಿನ್ನ ಹೆಂಡತಿ, ಮಗು ಸುಖವೆಂದು ನಂಬಿದ್ದೇನೆ. ನನ್ನ ಮಂಡಿ ಈ ಮಳೆಗಾಲದಲ್ಲಿ ಪೂರಾ ಕೈಕೊಟ್ಟಿತು. ಮನೆಯಿಂದ ಹೆಣ್ಣುಮಕ್ಕಳ ಶಾಲೆಗೆ, ಶಾಲೆಯಿಂದ ಮನೆಗೆ, ಅಷ್ಟೇ ನನ್ನ ಸಂಚಾರ. ಅಮ್ಮನ ಸಮಾಧಿಯ ಕಡೆಗೂ ಯುಗಾದಿಯಿಂದ ಈಚೆಗೆ ಹೋಗಲಾಗಿಲ್ಲ. ಗೋವಿಂದಯ್ಯ ಚಿಕ್ಕಪ್ಪ ಮಗ್ಗದ ಗುಂಡಿಗೆ ಇಳಿಯುವುದನ್ನು ಬಿಟ್ಟಿದ್ದಾರೆ. ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ನೇಯುವವರನ್ನೆಲ್ಲ ಬೈಯುವ ಕೆಲಸ ಮಾತ್ರ ಉಳಿಸಿಕೊಂಡಿದ್ದಾರೆ.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ನಮ್ಮ ರುದ್ರಭೂಮಿಯ ತಲೆದೆಸೆ ಗಿಡ ಲೋಕದ ಯಾವ ಪುಸ್ತಕದಲ್ಲೂ ಇಲ್ಲದ ಹೊಸ ಜಾತಿ, ಹೂವು ಎಲೆಗಳ ವಿವರವನ್ನು ಲ್ಯಾಟಿನ್ನಿನಲ್ಲಿ ಬರೆದು ಮುಗಿಸಿದ್ದೀಯೆ, ಕಾಯಿಯ ವಿವರವೊಂದು ಸಿಕ್ಕರೆ ಅಚ್ಚಿಗೆ ಕೊಡಬಹುದು, ನಿನ್ನ ಸಸ್ಯಶಾಸ್ತ್ರದ ಕಚೇರಿಯ ಮೇಲಿನವರು ಅದಕ್ಕೆ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದ ಒಬ್ಬ ದೊರೆಯ ಹೆಸರಿಡಬೇಕೆಂದಿದ್ದಾರೆ ಎಂದೆಲ್ಲ ಬರೆದಿದ್ದೆ. ಓದಿ ಸಂತೋಷಪಡಬೇಕಾಗಿತ್ತು. ನನಗೆ ಬಂದದ್ದು ಸಿಟ್ಟು. ಹೊಸದು ಯಾರಿಗಪ್ಪ? ಅಜ್ಜಿಯನ್ನು ಮಣ್ಣು ಮಾಡಿದಾಗ ನಾನು ಏಳು ವರ್ಷದವಳು, ನೀನಿನ್ನೂ ಹುಟ್ಟಿರಲಿಲ್ಲ. ಮುತ್ತಜ್ಜಿಯ ಗಿಡದಿಂದ ಒಂದು ಕೊಂಬೆ ಮುರಿದು ಅಜ್ಜಿಯ ತಲೆಯ ಕಡೆಗೆ ಊರಿದ್ದು ಕಣ್ಣಿಗೆ ಕಟ್ಟಿದಂತಿದೆ. ಸೊಂಟದೆತ್ತರದ ಗಿಡ. ಜೋಡಿಜೋಡಿಯಾಗಿ ಎಲೆ, ಎಲೆಯ ಹಿಂಬದಿಗೆ ಬೂದಿ ಬಣ್ಣದ ನುಣುಪು ರೋಮ. ಮಳೆ ಹಿಂದಾಗುವಾಗ ಐದೆಸಳಿನ ಹೂವು, ರೇಷ್ಮೆಗೂಡಿನ ತೆಳುಹಳದಿ, ಮರುದಿನಕ್ಕೆ ತುಕ್ಕಿನ ಬಣ್ಣ. ಸಂಜೆ ಹೊತ್ತು ಆ ವಾಸನೆ ಬಂದರೆ ಹೆಂಗಸರು ಮಕ್ಕಳನ್ನು ಒಳಗೆ ಕರೆಯುತ್ತಿದ್ದರು. ಇಷ್ಟೆಲ್ಲ ತಿಳಿದವರು ಮಣ್ಣಿನಲ್ಲಿದ್ದಾರೆ, ಹೆಸರು ಮಾತ್ರ ನಮ್ಮ ಕಡೆಯ ಬೆಟ್ಟವನ್ನೇ ಹತ್ತದ ಆ ದೊರೆಗೆ.

ಸಿಟ್ಟು ಇಳಿದ ಮೇಲೆ ನೀನು ಬರೆದಿದ್ದ ಇನ್ನೊಂದು ಮಾತು ಕೊರೆಯತೊಡಗಿತು. ಈ ಜಾತಿಯಲ್ಲಿ ಒಂದು ಗಿಡದ ಪರಾಗ ಅದೇ ಗಿಡದ ಹೂವಿಗೆ ಕೂಡಿಬರುವುದಿಲ್ಲ, ಕಾಯಿ ಕಟ್ಟಲು ಬೇರೊಂದು ಗಿಡ ಬೇಕು ಎಂದಿದ್ದೆಯಲ್ಲ, ಅದು. ನಮ್ಮ ರುದ್ರಭೂಮಿಯ ತುಂಬ ಈ ಗಿಡಗಳಿವೆ. ಆದರೆ ಅದರ ಕಾಯಿಯನ್ನು ನಾನು ಕಂಡಿಲ್ಲ, ಚಿಕ್ಕಪ್ಪ ಕಂಡಿಲ್ಲ, ಅವರಪ್ಪ ಕಂಡದ್ದಾಗಿಯೂ ಹೇಳಿರಲಿಲ್ಲ. ಕಾಣುವುದಾದರೂ ಹೇಗೆ? ಅಜ್ಜಿಯದು ಮುತ್ತಜ್ಜಿಯ ಗಿಡದ ಕೊಂಬೆ, ಮುತ್ತಜ್ಜಿಯದು ಅವಳ ಹಿಂದಿನವರ ಗಿಡದ ಕೊಂಬೆ. ಮನೆತನಗಳು ಬೇರೆಯಾದರೂ ಕೊಂಬೆ ಮುರಿದದ್ದು ಪಕ್ಕದ ಸಮಾಧಿಯಿಂದಲೇ. ನೂರು ಗಿಡವೆಂದು ನಾವು ತಿಳಿದದ್ದು, ತಮ್ಮಾ, ಒಂದೇ ಗಿಡ. ಸತ್ತವರನ್ನು ಬಿಟ್ಟುಕೊಡಬಾರದೆಂದು ನಮ್ಮವರು ಅದೊಂದನ್ನೇ ಊರಿ ಊರಿ ಇಷ್ಟು ದೂರ ತಂದಿದ್ದಾರೆ. ಬಸವಯ್ಯ ಮಾವನ ಸಂಸ್ಕಾರಕ್ಕೆ ಕೊಂಬೆ ಮುರಿದುಕೊಟ್ಟವಳು ನಾನೇ. ಎಷ್ಟು ಸಮೃದ್ಧವಾಗಿ ಬೆಳೆದಿದೆ ಎಂದು ಅವತ್ತು ಹೆಮ್ಮೆಪಟ್ಟಿದ್ದೆ.

ಹಾಗಾದರೆ ಬೇರೆ ಗಿಡ ಇರಬೇಕಾದದ್ದು ಅದು ತಾನಾಗಿ ಹುಟ್ಟಿ ಬೆಳೆಯುವ ಹನೂರಿನ ಕಡೆಯ ಬೆಟ್ಟದಲ್ಲಿ, ನೀನು ಓದುವಾಗ ಸುತ್ತುತ್ತಿದ್ದ ಆ ಇಳಿಜಾರಿನಲ್ಲಿ. ಮಂಡಿಗೆ ಎಣ್ಣೆ ಹಚ್ಚಿಕೊಂಡು ದಸರಾ ರಜೆಯಲ್ಲಿ ಹೊರಟೆ. ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದಾರೆ. ಏರಿನಲ್ಲಿ ಅದು ಕೆಮ್ಮುತ್ತ ನಿಂತಾಗಲೆಲ್ಲ ಕಂಡಕ್ಟರ್ ಇಳಿದು ಕೆದಕುತ್ತಿದ್ದ. “ಪೆಟ್ರೋಲ್ ಮಕ ಕಂಡು ಎರಡ್ ವರ್ಸ ಆಯ್ತು ಕಣಮ್ಮ. ಈಗ ಬೆಟ್ಟನೇ ಇದರ ಒಟ್ಟೆಗ್ ಆಕ್ತಾ ಇವಿ” ಎಂದ. ತಮಾಷೆಯೆಂದುಕೊಂಡು ನಕ್ಕೆ. ಬಂಡಳ್ಳಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಮಹಾದೇವಮ್ಮನ ಗಂಡ ಕೆಂಪನಂಜಪ್ಪ ಗಾಡಿ ಕಟ್ಟಿಕೊಂಡು ಬೆಟ್ಟದ ಬುಡದವರೆಗೆ ಕರೆದೊಯ್ದ. ಇಳಿಜಾರಿನ ಉದ್ದಕ್ಕೂ ಇದ್ದಿಲು ಸುಟ್ಟ ಗುಂಡಿಗಳು. ದೊಡ್ಡ ಮರ, ಸಣ್ಣ ಗಿಡ ಎಂಬ ಭೇದವಿಲ್ಲದೆ ಬುಡಸಮೇತ ಹೋಗಿವೆ. ಕೆಂಪನಂಜಪ್ಪ ಎತ್ತಿನ ಹಗ್ಗ ಹಿಡಿದುಕೊಂಡೇ, “ಗಿಡ ತೋರ್ಸು ಅಂತ ಬಂದ್ರಿ ಮೇಷ್ಟ್ರಮ್ಮ, ನಾನು ಬೂದಿ ತೋರ್ಸ್ತಾ ಇವ್ನಿ” ಎಂದ. ಈ ಸಲ ನಗಲಿಲ್ಲ. ಹೋದದ್ದು ಆ ಇದ್ದಿಲಿನ ಬಸ್ಸಿನಲ್ಲಿ, ತಿರುಗಿ ಬಂದದ್ದೂ ಅದೇ ಬಸ್ಸಿನಲ್ಲಿ.

ನಾನು ಸುಮ್ಮನಿರುವವಳಲ್ಲವೆಂದು ನಿನಗೆ ಗೊತ್ತು. ಅರಣ್ಯದ ಅಧಿಕಾರಿಗೆ ಅರ್ಜಿ ಬರೆದೆ. ಕನ್ನಡದಲ್ಲಿ ಬರೆದದ್ದಕ್ಕೆ ತಮಿಳಿನಲ್ಲಿ ಉತ್ತರ ಬಂತು, ಅದೂ ‘ಮಹಾಶಯರೇ’ ಎಂದು. ಕಾಯ್ದಿಟ್ಟ ಮರಗಳಲ್ಲಿ ಶ್ರೀಗಂಧ ಮುಂತಾದವು ಇವೆ, ತಾವು ಹೇಳುವ ಗಿಡದ ಶಾಸ್ತ್ರೀಯ ಹೆಸರನ್ನು ತಿಳಿಸಿದರೆ ಪರಿಶೀಲಿಸಲಾಗುವುದು ಎಂದಿದ್ದರು. ಹೆಸರಿಡಲು ನಿನಗೆ ಕಾಯಿ ಬೇಕು, ಕಾಯಿಗೆ ಗಿಡ ಬೇಕು, ಗಿಡ ಉಳಿಸಲು ಅವರಿಗೆ ಹೆಸರು ಬೇಕು. ಬೆಟ್ಟದ ಆಚೆ ಮಗ್ಗುಲಲ್ಲಿ ಒಂದೆರಡು ಉಳಿದಿರಬಹುದೆಂದು ಯಳಂದೂರಿನ ಕಡೆಗೂ ಬರೆದೆ. ಅದು ಮೈಸೂರು ಸೀಮೆ, ತಾವು ಮದರಾಸು ಸರ್ಕಾರದ ಪ್ರಜೆ, ತಮ್ಮ ಸರ್ಕಾರದ ಮೂಲಕ ಬರಬೇಕು ಎಂದು ಅಲ್ಲಿನ ಗುಮಾಸ್ತರೊಬ್ಬರು ತಿಳಿಸಿದರು. ಕಣಿವೆಯಿಂದ ಬೀಸುವ ಗಾಳಿಗೂ ಇವರು ರಹದಾರಿ ಕೇಳುತ್ತಾರೋ ಏನೋ. ಕೊನೆಗೆ ಅಲ್ಲಿಂದ ಬಂದ ಒಬ್ಬ ಜೇನು ಮಾರುವವನನ್ನು ವಿಚಾರಿಸಿದೆ. ಅಂಥ ಗಿಡ ಆ ಮಗ್ಗುಲಲ್ಲಿ ಇಲ್ಲವೇ ಇಲ್ಲವೆಂದ.

ಈಗ ರುದ್ರಭೂಮಿಗೂ ಕೊಡಲಿ ಬಂದಿದೆ. ಅಲ್ಲಿಯ ಕಡ್ಡಿಯನ್ನು ಒಲೆಗಿಡಬಾರದೆಂಬ ಭಯವೊಂದೇ ಇಷ್ಟು ಕಾಲ ಕಾದದ್ದು. ಸೌದೆಯ ಬೆಲೆಯ ಮುಂದೆ ಭಯ ಎಷ್ಟು ದಿನ ನಿಂತೀತು? ಬೇಲಿಯ ಬದಿಯ ಎರಡು ಸಾಲನ್ನು ಯಾರೋ ಕಡಿದುಕೊಂಡು ಹೋಗಿದ್ದಾರೆಂದು ಕಾವಲಿನ ಮಾದಣ್ಣ ಮೊನ್ನೆ ಬಂದು ಹೇಳಿದ. “ದೆವ್ವಗಳೂ ಚಳಿ ಕಾಯಿಸ್ಕೊಳಾಕ್ ಓದ್ವೇನೋ ಕಣವ್ವ, ಒಂದೂ ಅಡ್ಡ ಬರ್ನಿಲ್ಲ” ಎಂದ. ಅಮ್ಮನದು ಆ ಬದಿಯಲ್ಲೇ ಇರುವುದು. ಅವಳ ತಲೆದೆಸೆಗೆ ನೀನು ನೆಟ್ಟದ್ದು ಯುಗಾದಿಯಲ್ಲಿ ಮೊಣಕಾಲುದ್ದ ಇತ್ತು, ಅಲ್ಲಿಯವರೆಗೆ ಒಂದು ಸಲವೂ ಹೂ ಬಿಡದೆ. ಅದೂ ಹೋಗಿರಬಹುದು. ನನಗೆ ಅಮ್ಮ ಹೋದ ದಿನ ನೆನಪಾಯಿತು. ಸುದ್ದಿ ಮುಟ್ಟಿದಾಗ ನೀನು ಆ ಬೆಟ್ಟದಲ್ಲಿದ್ದೆ. ಹೆಗಲಿಗೆ ಗಿಡದ ತಗಡಿನ ಪೆಟ್ಟಿಗೆ ಹಾಕಿಕೊಂಡು, ಮಣ್ಣು ಮುಚ್ಚುವ ಹೊತ್ತಿಗೆ ಓಡಿಬಂದೆ. ಚಿಕ್ಕಪ್ಪ ಅಜ್ಜಿಯ ಗಿಡದ ಕೊಂಬೆ ಮುರಿದು ಕೊಟ್ಟರೆ ಬೇಡವೆಂದು, ಬೆಟ್ಟದಿಂದ ತಂದಿದ್ದ ಅದೇ ಜಾತಿಯ ಒಂದು ಸಸಿಯನ್ನು ಪೆಟ್ಟಿಗೆಯಿಂದ ಬೇರುಸಹಿತ ತೆಗೆದು ನೆಟ್ಟೆ. “ಅವ್ವ ಇದ್ದಾಗ ಒಂದ್ ಗುಟುಕು ನೀರ್ ಬಿಡಾಕ್ ಬರ್ನಿಲ್ಲ, ಈಗ ಸೊಪ್ಪು ಒತ್ಕಂಡ್ ಬಂದವ್ನೆ” ಎಂದು ಅವರು ಎಲ್ಲರೆದುರು ಅಂದದ್ದು ತಪ್ಪು. ನೀನು ಊಟವನ್ನೂ ಮಾಡದೆ ಹೋದೆ. ಎಂಟು ವರ್ಷದಲ್ಲಿ ಕಾಗದ ಬಂದಿವೆ, ನೀನು ಬಂದಿಲ್ಲ.

ನಿನ್ನ ಲ್ಯಾಟಿನ್ ವಿವರವನ್ನು ಕಾಯಿಯಿಲ್ಲದೆಯೇ ಅಚ್ಚು ಹಾಕಿಸಿಬಿಡು. ಇದ್ದದ್ದು ಹೌದು ಎಂದಾದರೂ ಒಂದು ಕಡೆ ಬರೆದಿರಲಿ. ಮಗುವನ್ನು ಬಿಸಿಲಿಗೆ ಬಿಡಬೇಡ, ಹೆಂಡತಿಯ ಮಾತು ಕೇಳು. ಚೌಡೇಶ್ವರಿ ನಿಮ್ಮನ್ನು ಕಾಪಾಡಲಿ.

ನಿನ್ನ ಅಕ್ಕ,
ಸರಸ್ವತಮ್ಮ

ತಾ.ಕ.: ಕಾಗದ ಮಡಿಸಿಟ್ಟ ಮೇಲೆ ಮನಸ್ಸು ತಡೆಯದೆ ಕೋಲೂರಿಕೊಂಡು ಹೋಗಿ ಬಂದೆ. ಅಮ್ಮನ ಗಿಡ ಇದೆ. ಈ ಮಳೆಯಲ್ಲಿ ಸೊಂಟದೆತ್ತರ ಎದ್ದು ಮೊದಲ ಸಲ ಹೂ ಬಿಟ್ಟಿದೆ. ಬಾಡಿದ ಹೂಗಳ ಬುಡದಲ್ಲಿ ಹಸಿರು ಕಾಯಿ. ಪಕ್ಕದ ಅಜ್ಜಿಯ ಗಿಡದಲ್ಲೂ ಕಾಯಿ ಕಟ್ಟಿದೆ, ಈ ವಯಸ್ಸಿನಲ್ಲಿ. ಚಿಕ್ಕಪ್ಪನಿಗೆ ಹೇಳಿದೆ. ನೇಯುವವರನ್ನು ಬೈಯುತ್ತಿದ್ದುದನ್ನು ಬಿಟ್ಟು ನನ್ನ ಕಡೆ ತಿರುಗಿ, “ಅವನ್ಗೆ ಬರಾಕ್ ಏಳವ್ವ” ಎಂದರು. ಕಾಯಿಯನ್ನು ನಾನು ಟಪಾಲಿನಲ್ಲಿ ಕಳಿಸುವುದಿಲ್ಲ. ಮಾದಣ್ಣ ಸುತ್ತ ಜಾಲಿಮುಳ್ಳು ಕಟ್ಟಿದ್ದಾನೆ, ಆದರೆ ಸೌದೆಯವರಿಗೆ ಮುಳ್ಳೂ ಸೌದೆಯೇ. ಬೇಗ ಹೊರಡು. ಸತ್ಯಮಂಗಲದ ಘಾಟಿ ಹತ್ತಲು ನಿನಗೂ ಇದ್ದಿಲಿನ ಬಸ್ಸೇ ಸಿಗುವುದು. ಆದರೂ ಬಾ.