ಎರಡು ಸಲ ಊದಿದರೆ ನಿಲ್ಲು

ಅಣ್ಣಾ,

ಈ ಶನಿವಾರ, ಭಾನುವಾರ ನಿನ್ನ ಮಗಳ ಜೊತೆ ನಮ್ಮ ಆ ಮೂರೂ ಶಿಖರ ಹತ್ತಿಬಂದೆ. ಬೇಸಿಗೆ ಮುಗಿಯುತ್ತ ಬಂದಿದೆ, ಒಣಹುಲ್ಲು ಕಾಲಡಿ ಜಾರುತ್ತದೆ, ಬೇಡ ಎಂದೆ. ಕೇಳಲಿಲ್ಲ. ಹಟಕ್ಕೆ ಬಿದ್ದರೆ ಅವಳು ನಿನಗಿಂತ ಒಂದು ಕೈ ಮೇಲು.

ನೀನು ಮಾಡಿದ ನಿಯಮದಂತೆಯೇ ನಡೆದೆವು. ಮುಂದೆ ಹೋದವರು ದಾರಿ ನೋಡಿ ಸೀಟಿ ಊದಬೇಕು: ಒಂದು ಸಲ ಊದಿದರೆ ಬಾ, ಎರಡು ಸಲ ಊದಿದರೆ ಅಲ್ಲೇ ನಿಲ್ಲು. ಎರಡು ಶಿಖರ ಸಲೀಸಾಗಿ ಮುಗಿದವು. ಮೂರನೆಯದರಲ್ಲಿ, ನೀನು ಬಿದ್ದ ಅಂಚಿನ ಹತ್ತಿರವೇ, ಮಂಜು ಕವಿಯಿತು. ಎರಡು ಸಲ ಊದಿದೆ. ಆದರೂ ಅವಳ ಬೂಟಿನ ಸದ್ದು ಹತ್ತಿರವಾಗುತ್ತಲೇ ಬಂತು. ರಟ್ಟೆ ಹಿಡಿದು ಎಳೆದುಕೊಂಡಾಗ ಅವಳ ಒಂದು ಕಾಲು ಆಗಲೇ ಗಾಳಿಯಲ್ಲಿತ್ತು.

"ನಂಗೆ ಒಂದೇ ಸಲ ಕೇಳಿಸ್ತು ಚಿಕ್ಕಪ್ಪ," ಎಂದಳು. ಆಮೇಲೆ ಮೆಲ್ಲಗೆ, "ಅಪ್ಪಂಗೂ ಹೀಗೇ ಆಯ್ತಾ? ನೀವು ಎರಡು ಸಲ ಊದಿದ್ರೂ ಗಾಳಿ ಒಂದನ್ನ ತಿಂದುಬಿಡ್ತಾ?"

ಹೂಂ ಅಂದುಬಿಟ್ಟೆ.

ತನ್ನ ಕೊರಳಲ್ಲಿದ್ದ ನಿನ್ನ ಹಳೆಯ ಸೀಟಿಯನ್ನು ತೆಗೆದು ನನ್ನ ಕೊರಳಿಗೆ ಹಾಕಿದಳು. "ಮುಂದಿನ ವಾರ ಇನ್ನೂ ಎತ್ತರದ್ದು ಹತ್ತೋಣ. ನೀವೇ ಮುಂದೆ ಹೋಗಿ. ಒಂದ್ಸಲ ಊದಿದ್ರೆ ಸಾಕು, ಕಣ್ಮುಚ್ಕೊಂಡು ಬರ್ತೀನಿ."

ಅಣ್ಣಾ, ನೀನೂ ಹಾಗೆಯೇ ಬಂದಿದ್ದೆ, ನಾನು ಊದಿದ ಒಂದೇ ಸೀಟಿಗೆ.