ಗೀಟು ಕೆಳಗಿರಬೇಕು

ಅಕ್ಕಾ,
ಮೊದಲು ಕಾರ್ಡ್ ತಿರುಗಿಸಿ ನೋಡು! ಕೆಂಪು ಚೌಕ, ಒಂದು ಹಳದಿ ಗೀಟು, ಅಷ್ಟೇ ಚಿತ್ರ. ನಿನ್ನೆ ಇದನ್ನ ಗ್ಯಾಲರಿ ಗೋಡೆಗೆ ತೂಗುಹಾಕಿದ್ದು ನಾನೇ. ಇವತ್ತು ಅಲ್ಲಿನ ಅಂಗಡಿಯಲ್ಲಿ ಈ ಕಾರ್ಡ್ ಕಣ್ಣಿಗೆ ಬಿತ್ತು. ಕಾರ್ಡಲ್ಲಿ ಗೀಟು ಮೇಲಿದೆ, ನಾನು ಹಾಕಿದ್ದರಲ್ಲಿ ಕೆಳಗಿದೆ! ಕೆಲಸ ಹೋಯ್ತು ಅಂದ್ಕೊಂಡೆ. ಅಷ್ಟರಲ್ಲಿ ಚಿತ್ರ ಬರೆದ ಅಜ್ಜಿಯೇ ಬಂದರು. ಕಾರ್ಡ್ ನೋಡಿ ಮುಖ ಸಿಂಡರಿಸಿದರು, ಗೋಡೆ ನೋಡಿ, “ಸದ್ಯ, ಇಲ್ಲಾದರೂ ಸರಿಯಾಗಿದೆಯಲ್ಲ!” ಅಂದರು. ತಪ್ಪು ಕಾರ್ಡಿನದೇ ಕಣೇ! ಅದಕ್ಕೇ ಅಂಗಡಿಯವರು ಈ ಕಾರ್ಡನ್ನ ಕಟ್ಟುಗಟ್ಟಲೆ ನಮ್ಮಂಥ ಕೆಲಸದವರಿಗೆ ಪುಕ್ಕಟೆ ಹಂಚಿದರು. ನೀನು ಕೇಳಿದ್ದ ನನ್ನ ಬೆನ್ನುನೋವು ಈಗಿಲ್ಲ. ಚಪ್ಪಲಿ ಅದಲುಬದಲು ಹಾಕ್ಕೊಳ್ತೀನಿ ಅಂತ ‘ಉಲ್ಟಾ’ ಅಂತ ಕರೀತೀಯಲ್ಲ, ಇನ್ಮೇಲೆ ಜೋಕೆ! ಕನ್ನಡಿ ಅಂಚಿಗೆ ಸಿಕ್ಕಿಸುವಾಗ ನನ್ನ ಅಕ್ಷರ ತಲೆಕೆಳಗಿರಲಿ, ಆಗಲೇ ಚಿತ್ರ ನೆಟ್ಟಗೆ.

ನಿನ್ನ ಉಲ್ಟಾ