ಶೇಖರಣ್ಣನ ಲಾಕ್ ತೆಗೆಯಲು ಅನುಮತಿ

ಪ್ರೀತಿಯ ಶೇಖರಣ್ಣ,

ಮಡಂತ್ಯಾರಿನ ಗೇರುಬೀಜ ಕಾರ್ಖಾನೆಯಲ್ಲಿ ನಮ್ಮ ಯಂತ್ರ ನಿನ್ನೆಯೂ ಕಪ್ಪಾದ ತಿರುಳನ್ನು ಬಿಟ್ಟು ಬಿಳಿಯದನ್ನು ಕಸದ ಬುಟ್ಟಿಗೆ ಊದಿತು. ತಿಳಿಸಿದವರು ಅಲ್ಲಿ ಬೀಜ ಆರಿಸುವ ಜಯಂತಿಯಕ್ಕ. ಯಂತ್ರ ಆರಿಸಿದ್ದನ್ನೆಲ್ಲ ಅವರು ಮತ್ತೆ ಕೈಯಲ್ಲಿ ಆರಿಸುತ್ತಿದ್ದಾರೆ. ಸರಿಯಾಗದಿದ್ದರೆ ಯಂತ್ರ ವಾಪಸ್ ಎಂದಿದ್ದಾರೆ ಮಾಲಕರು. ಮೊದಲ ಗಿರಾಕಿಯೇ ಹಿಂದೆ ಕಳಿಸಿದರೆ ಮೂಡುಬಿದಿರೆಯ ನಮ್ಮ ವರ್ಕ್‌ಶಾಪಿಗೆ ಬಾಗಿಲು ಹಾಕುವುದೇ.

ಬಸ್‌ಸ್ಟ್ಯಾಂಡಿನ ಎದುರು ಗೋಳಿಬಜೆ ತಿನ್ನುತ್ತಾ ನಾವು ಜಗಳವಾಡಿದ್ದು ನೆನಪುಂಟಾ? ತಿರುಳನ್ನು ನೋಡುವ ಕ್ಯಾಮರಾದ ಚಿತ್ರವನ್ನು ನಕಲು ಮಾಡುವಾಗ ಬೇರೆ ಕೆಲಸ ಅದನ್ನು ಮುಟ್ಟದಂತೆ, ಯಂತ್ರ ನಡೆಸುವ ಸಾಫ್ಟ್‌ವೇರಿನ ಒಳತಿರುಳಾದ ಕರ್ನೆಲ್‌ನಲ್ಲಿ ಒಂದು ಲಾಕ್ ಬೇಕಿತ್ತು. ನಾನು ಮ್ಯೂಟೆಕ್ಸ್ ಎಂದೆ. ಆ ಬಗೆಯ ಲಾಕನ್ನು ಹಿಡಿದ ಕೆಲಸವನ್ನು ಬದಿಗೆ ಸರಿಸಿ ತುರ್ತು ಕೆಲಸ ಮುಂದೆ ಹೋಗಬಹುದು. ನೀವು ರಾ ಸ್ಪಿನ್‌ಲಾಕ್ ಎಂದಿರಿ. ಅದನ್ನು ಹಿಡಿದ ಕೆಲಸ ಬಿಡುವವರೆಗೆ ಆ ಪ್ರೊಸೆಸರಿನಲ್ಲಿ ಬೇರೆ ಕೆಲಸ ನಡೆಯದು. "ಚಿತ್ರ ಸಣ್ಣದು ಮಾರಾಯ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗೀತದೆ. ದೊಡ್ಡದಾದರೆ ಆಗ ತೆಗೆಯುವ" ಎಂದಿರಿ. ನಿಮ್ಮ ಮಾತೇ ನಡೆಯಿತು. ಯಾವಾಗ ನಡೆಯಲಿಲ್ಲ?

ನೀವು ತೀರಿಹೋದ ಮೇಲೆ ದೊಡ್ಡ ಕ್ಯಾಮರಾ ಬಂತು. ಈಗ ನಕಲು ಮುಗಿಯುವವರೆಗೆ, ಆ ಲಾಕಿಗೆ ಸಂಬಂಧವೇ ಇಲ್ಲದ, ತಿರುಳನ್ನು ಬುಟ್ಟಿಗೆ ಊದುವ ಗಾಳಿಯ ವಾಲ್ವೂ ಕಾಯುತ್ತದೆ. ಗಾಳಿ ಬರುವಾಗ ಕಪ್ಪು ತಿರುಳು ದಾಟಿರುತ್ತದೆ, ಹಿಂದೆ ಬಂದ ಬಿಳಿಯದಕ್ಕೆ ಹೊಡೆತ. ಇದನ್ನು ಅಳೆದು ತೋರಿಸಿದೆ. ನಮ್ಮ ಧಣಿ ಪ್ರಭಾಕರಣ್ಣ ಏನೆಂದರು ಗೊತ್ತಾ? "ಶೇಖರ ಹಾಕಿದ್ದು. ಅವನಿಲ್ಲದಾಗ ಮುಟ್ಟುವುದು ಸರಿಯಲ್ಲ." ಅದೇನು ಬನದ ನಾಗನ ಕಲ್ಲೇ? ವಾಲ್ವ್ ತೆರೆಯುವ ನಾಲ್ಕು ಸಾಲಿನ ಕೋಡಿಗೆ ನೀವು ಹಾಕಿದ ರಾ ಲಾಕ್ ಸರಿಯೇ, ಅದು ಇರಲಿ, ಚಿತ್ರದ ಈ ಲಾಕ್ ಒಂದನ್ನು ಬದಲಿಸುವ ಎಂದೆ. "ಆಗ ತೆಗೆಯುವ" ಎಂದು ನೀವೇ ಹೇಳಿದ್ದೀರಿ ಎಂದೆ. ಆದರೆ ಅದನ್ನು ಕೇಳಿದವನು ನಾನೊಬ್ಬನೇ. ಸಾಕ್ಷಿಗೆ ನಿಮ್ಮನ್ನು ಎಲ್ಲಿಂದ...

ಮೊನ್ನೆ ಪ್ರಭಾಕರಣ್ಣ ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಅಳದಂಗಡಿಯ ನಿಮ್ಮ ಮನೆಗೆ ಬಂದರು. ಅನುಮತಿ ಕೇಳಲು. ಒಂದು ಲಾಕಿಗೆ! ನಾನು ತಲೆ ಎತ್ತದೆ ಬೊಂಡದ ಎಳನೀರು ಕುಡಿಯುತ್ತಾ ಕೂತೆ. ನಿಮ್ಮ ಹೆಂಡತಿ ಸುಜಾತಕ್ಕ ಎಲ್ಲ ಕೇಳಿಸಿಕೊಂಡರು. "ಇದ್ದಾಗ ಗೋಡೆಗೆ ಒಂದು ಮೊಳೆ ಹೊಡೆಯುವಾಗಲೂ ಅವರು ನನ್ನಲ್ಲಿ ಕೇಳಿದವರಲ್ಲ. ಈಗ ನೀವು ಬಂದು ಕೇಳ್ತೀರಿ. ತೆಗೀರಿ ಮಾರಾಯ್ರೆ" ಎಂದು ನಕ್ಕರು. ಲೋಟ ತೆಗೆದುಕೊಂಡು ಒಳಗೆ ಹೋದವರು ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ವಾದದಲ್ಲಿ ನಾನು ಗೆದ್ದೆ ಎಂದು ಯಾರಿಗೆ ಹೇಳಲಿ? ನೀವಿದ್ದಿದ್ದರೆ, "ದೊಡ್ಡದಾದರೆ ತೆಗೆಯುವ ಎಂದದ್ದು ನಾನೇ ಅಲ್ಲವಾ" ಎಂದು ಆ ಗೆಲುವನ್ನೂ ಕಿತ್ತುಕೊಳ್ಳುತ್ತಿದ್ದಿರಿ. ಕಿತ್ತುಕೊಳ್ಳಿ ಶೇಖರಣ್ಣ.

ಸೋಮವಾರ ಬೆಳಿಗ್ಗೆ ಮಡಂತ್ಯಾರಿನಲ್ಲಿ ಮ್ಯೂಟೆಕ್ಸ್ ಹಾಕಿದ ಕರ್ನೆಲ್‌ನ ಪರೀಕ್ಷೆ. ಕಸದ ಬುಟ್ಟಿ ನೋಡಿ ಸರಿಯಾಯಿತೋ ಇಲ್ಲವೋ ಹೇಳುವವರು ಜಯಂತಿಯಕ್ಕ.